ಬೋರ್ಡಿನ ಅಡಿಯ ಹೆಸರು

ಅವರ ಉತ್ತರಕ್ರಿಯೆಯ ಕಾಗದ ಟೈಪ್ ಮಾಡಲಿಕ್ಕೆ ಕೂತ ಬೆಳಿಗ್ಗೆಯೇ ನನ್ನ ಕಂಪ್ಯೂಟರ್ ಕೈಕೊಟ್ಟಿತು. ಸ್ವಿಚ್ ಒತ್ತಿದರೆ ಪರದೆ ಕಪ್ಪು, ಒಳಗಿಂದ ಕುಂಯ್ ಕುಂಯ್ ಅಂತ ಒಂದೇ ಸಮ ಕೂಗು. ಅಭ್ಯಾಸಬಲ ನೋಡಿ, ಕೈ ತನ್ನಷ್ಟಕ್ಕೇ ಮೊಬೈಲಿಗೆ ಹೋಗಿ ರಿಪೇರಿಗೆ ಕರೆಯುವ ಅವರ ನಂಬರ್ ತೆಗೆದಿತ್ತು. ಒತ್ತುವಷ್ಟರಲ್ಲಿ ಎಚ್ಚರಾಯಿತು. ಅವರು ಹೋಗಿ ಏಳು ದಿನವಾಗಿತ್ತು. ಎದುರಿನ ಕುರ್ಚಿಯಲ್ಲಿ ಅವರ ಹೆಂಡತಿಯ ತಮ್ಮ ಮ್ಯಾಟರ್ ಬರೆದ ಚೀಟಿ ಹಿಡಿದು ಕೂತಿದ್ದರು.

"ಎಂತ ಆಯ್ತು ಟೀಚರೇ?" ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದೆ, ಕಾಗದ ಟೈಪ್ ಮಾಡುವ ಅಂಗಡಿ ಇಟ್ಟ ಮೇಲೂ ಊರಿಗೆಲ್ಲ ನಾನು ಟೀಚರೇ.

"ಎಂತ ಇಲ್ಲ. ನೀವು ಚೀಟಿ ಇಟ್ಟು ಹೋಗಿ. ಸಂಜೆಯೊಳಗೆ ಕಾಗದ ಮಾಡಿ ನಾನೇ ಮನೆಗೆ ತಂದು ಕೊಡ್ತೇನೆ."

ಬಾಯಿ ಹೇಳಿಬಿಟ್ಟಿತು. ನನ್ನ ಬಾಯಿಯೇ ಹಾಗೆ, ತಲೆಗಿಂತ ಮುಂದೆ ಓಡುತ್ತದೆ. ಅದರಿಂದ ಆದ ಒಂದು ಅನಾಹುತವನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಊರಿನ ಎಲ್ಲರ ಹೆಸರು ಬರೆದ ಮನುಷ್ಯ ತನ್ನ ಅಂಗಡಿಗೆ ಒಂದು ಹೆಸರಿನ ಹಲಗೆ ತೂಗುಹಾಕಿದವರಲ್ಲ. ಗಲ್ಫಿನಲ್ಲಿ ಹತ್ತಾರು ವರ್ಷ ಕಂಪ್ಯೂಟರ್ ಬಿಚ್ಚಿ ಜೋಡಿಸಿ, ನಮ್ಮ ಊರು ಬಂದ್ಯೋಡಿಗೆ ಬಂದು ಹೈವೇ ಬದಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದರು. ಹೈವೇ ಅಗಲ ಮಾಡುವಾಗ ಅದು ಹೋಯಿತು. ಆಮೇಲೆ ಪೈವಳಿಕೆ ಕಡೆಗೆ ಹೋಗುವ ರಸ್ತೆಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ. ಸಪೂರದ ಆಳು. ಉಳಿದವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಅವರದ್ದು ಧೂಳು ಹೊಡೆಯುವ ಬ್ರಶ್ಶು.

ಯಾವ ಕಂಪ್ಯೂಟರನ್ನು ಬಿಚ್ಚುವುದಿದ್ದರೂ ಮೊದಲು ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟುತ್ತಿದ್ದರು. ಮೈಯಲ್ಲಿರುವ ಕರೆಂಟು ಇಳಿದುಹೋಗಲಿ, ಬೋರ್ಡಿಗೆ ತಾಗದಿರಲಿ ಅಂತ. ಕಣ್ಣು ಅರೆಮುಚ್ಚಿ ಮುಟ್ಟುವ ಅವರ ಠೀವಿ ನೋಡಿ ಗಿರಾಕಿಗಳು ಅದೇನೋ ಹರಕೆ ಅಂದುಕೊಂಡಿದ್ದರು. ಒಂದು ಆಯುಧಪೂಜೆಯ ದಿನ ಯಾರೋ ಪುಣ್ಯಾತ್ಮರು ಆ ಸರಳಿಗೆ ಗಂಧ ಹಚ್ಚಿ ಕೇಪಳ ಹೂ ಇಟ್ಟು ಹೋಗಿದ್ದರು. ಅವರು ತೆಗೆಯಲಿಲ್ಲ. "ಇರ್ಲಿ ಟೀಚರೇ, ನನಗೂ ಇಷ್ಟು ವರ್ಷದಲ್ಲಿ ಅದು ಮೋಸ ಮಾಡಿಲ್ಲ" ಅಂದರು.

ಕಂಪ್ಯೂಟರ್ ಬೇಕೆಂದು ಬಂದವರಿಗೆ ಅವರ ಮೊದಲ ಪ್ರಶ್ನೆ ಒಂದೇ: "ಇದರ ಮುಂದೆ ಯಾರು ಕೂರುವುದು?" ರಜೆಯಲ್ಲಿ ಗಲ್ಫಿನಿಂದ ಬಂದವನೊಬ್ಬ ಇದ್ದುದರಲ್ಲಿ ದೊಡ್ಡ ಪ್ರೊಸೆಸರ್ ಹಾಕಿ ಕೊಡಿ ಅಂದ. ಹೆಂಡತಿಗಂತೆ, ವಿಡಿಯೋ ಕಾಲಿನಲ್ಲಿ ಅವನ ಮುಖ ನೋಡಲಿಕ್ಕಂತೆ. ಇವರು ನಕ್ಕರು. "ಮುಖ ನೋಡ್ಲಿಕ್ಕೆ ಇಷ್ಟು ದೊಡ್ಡದು ಎಂತಕ್ಕೆ ಮಾರಾಯ? ಸಾಧಾರಣದ್ದು ಸಾಕು, ಕ್ಯಾಮರಾ ಒಳ್ಳೆಯದು ಹಾಕುವ. ಮತ್ತೆ ನೀನು ಬೇಗ ಬೇಗ ಊರಿಗೆ ಬಾ." ಹೀಗೆ ವ್ಯಾಪಾರ ಮಾಡಿದರೆ ಉದ್ಧಾರ ಆಗುವುದುಂಟಾ?

ಮದರ್‌ಬೋರ್ಡು, ಪ್ರೊಸೆಸರ್, ಮೆಮೊರಿ. ಈ ಮೂರನ್ನು ಆರಿಸುವಾಗ ಅವರು ಹೆಣ್ಣು ನೋಡಲು ಹೊರಟ ಹಿರಿಯರಷ್ಟು ನಿಧಾನ. "ಎಲ್ಲರೂ ಪ್ರೊಸೆಸರ್ ಯಾವುದು ಅಂತ ಮೊದಲು ಕೇಳ್ತಾರೆ. ಅದನ್ನು ನಾವು ಹೇಳುವುದಲ್ಲ, ಬೋರ್ಡು ಹೇಳ್ತದೆ. ತಲೆ ದೊಡ್ಡದು ಮಾಡಿ ಸೊಂಟ ಸಪೂರ ಮಾಡಿದರೆ ನಡೀಲಿಕ್ಕೆ ಆಗ್ತದಾ?" ಮೆಮೊರಿ ಹೆಚ್ಚು ಬೇಕೆಂದು ಹಠ ಹಿಡಿದವರಿಗೆ, "ಒಬ್ಬನೇ ಉಣ್ಣುವವನಿಗೆ ಮದುವೆ ಮನೆಯ ಕೊಪ್ಪರಿಗೆ ಬೇಡ" ಅನ್ನುತ್ತಿದ್ದರು.

ಇನ್ನೊಂದು ಅಭ್ಯಾಸ ಅವರದ್ದು. ಎಲ್ಲ ಜೋಡಿಸಿ, ಪೆಟ್ಟಿಗೆಯೊಳಗೆ ಕೂರಿಸುವ ಮೊದಲು ಬೋರ್ಡನ್ನು ಮಗುಚಿ ಹಾಕಿ, ಅದರ ಅಡಿಯ ಅಂಚಿನಲ್ಲಿ ವೈಟ್ನರಿನಿಂದ ಹೆಸರು ಬರೆಯುತ್ತಿದ್ದರು. ಯಾರು ಕೂರುವುದೋ ಅವರ ಹೆಸರು. ದುಡ್ಡು ಕೊಟ್ಟವರದ್ದಲ್ಲ. ಯಾರಿಗೂ ಕಾಣದ ಜಾಗದಲ್ಲಿ ಇದೆಂತ ಮಳ್ಳು ಅಂತ ನಾನೊಮ್ಮೆ ಕೇಳಿದ್ದೆ.

"ಪಾತ್ರೆಗೆ ಹೆಸರು ಹಾಕಿಸುವುದಿಲ್ವಾ ಟೀಚರೇ? ನಮ್ಮ ಮನೆಯಲ್ಲಿ ಒಂದು ಕಂಚಿನ ಬಟ್ಟಲು ಉಂಟು. ಅಜ್ಜಿಯ ಹೆಸರು ಉಂಟು, ಅದರ ಕೆಳಗೆ ಅಮ್ಮನ ಹೆಸರು ಉಂಟು. ಅಜ್ಜಿ ಹೋದರು, ಅಮ್ಮ ಹೋದರು. ಬಟ್ಟಲಿಗೆ ಮಾತ್ರ ಯಾರ್ಯಾರು ಅಂತ ಗೊತ್ತುಂಟು."

ಮಳೆಗಾಲ ಮುಗಿದು ತುಲಾ ತಿಂಗಳ ಗುಡುಗು ಶುರುವಾಯಿತೆಂದರೆ ಅವರಿಗೆ ಕೂರಲಿಕ್ಕೆ ಪುರಸೊತ್ತಿಲ್ಲ. ಮೂಡಣದಲ್ಲಿ ಮೋಡ ಕಪ್ಪಾದರೆ ಸಾಕು, ಹಳೆಯ ಡೈರಿ ತೆಗೆದು ಒಬ್ಬೊಬ್ಬರಿಗೇ ಫೋನ್. "ಪ್ಲಗ್ ತೆಗೀರಿ. ಟೆಲಿಫೋನ್ ವಯರೂ ತೆಗೀರಿ." ಸಿಡಿಲು ಬಡಿದರೆ ಅವರಿಗಲ್ಲವೇ ಕೆಲಸ? ರಿಪೇರಿಯವನೇ ರಿಪೇರಿ ಬೇಡವೆಂದು ಊರೆಲ್ಲ ಸಾರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರಿಗೊಬ್ಬಳೇ ಮಗಳು, ದೀಕ್ಷಾ. ಪ್ಲಸ್ ಟು ಮುಗಿಸಿ ಕಾಲೇಜಿಗೆ ಸೇರಿದ್ದಳು. ಅಪ್ಪನ ಹಾಗೆ ಸಪೂರ, ಅಪ್ಪನ ಹಾಗೆಯೇ ಮೆಲ್ಲನೆ ನಗು. ನನ್ನ ಅಂಗಡಿಗೆ ಬಂದರೆ ಮದುವೆ ಕಾಗದದ ಮಾದರಿಗಳ ಕಟ್ಟು ಬಿಡಿಸಿ, "ಟೀಚರ್, ನನ್ನದಕ್ಕೆ ಇದು. ಅಲ್ಲ ಅಲ್ಲ, ಇದು" ಅಂತ ದಿನಕ್ಕೊಂದು ಆರಿಸುತ್ತಿದ್ದಳು. ಮೊದಲು ಗಂಡನ್ನು ಆರಿಸು ಮಾರಾಯ್ತಿ ಅಂತ ನಾನು ಬೈಯುತ್ತಿದ್ದೆ. ಹತ್ತೊಂಬತ್ತು ತುಂಬುವ ಮೊದಲು ಒಂದು ಜ್ವರ ಬಂತು, ನಾಲ್ಕೇ ದಿನದಲ್ಲಿ ಹುಡುಗಿಯನ್ನು ಕೊಂಡುಹೋಯಿತು. ಅವತ್ತು ನಾನು ಅವರ ಮನೆಗೆ ಹೋಗಿದ್ದೆ. ತಿಂಗಳ ಮೇಲೆ ಅವರು ಅಂಗಡಿ ತೆರೆದರು. ಬ್ರಶ್ಶು ಜೇಬಿನಲ್ಲಿತ್ತು. ನಗು ಮಾತ್ರ ತುಟಿಯವರೆಗೆ ಬಂದು ಅಲ್ಲಿಯೇ ನಿಲ್ಲುತ್ತಿತ್ತು.

ಅದಾಗಿ ಎರಡು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಫೋನ್ ಬಂತು. "ಟೀಚರೇ, ಪ್ಲಗ್." ನಾನು ಹೂಂ ಹೂಂ ಅಂದೆ. ಗೃಹಪ್ರವೇಶದ ಒಂದು ಕಾಗದ, ನಾಲ್ಕೇ ಸಾಲು ಬಾಕಿ. ಮುಗಿಸಿಯೇ ತೆಗೆಯುವ ಅಂದುಕೊಂಡೆ. ಮೂರನೇ ಸಾಲಿಗೆ ಸಿಡಿಲು ಟೆಲಿಫೋನ್ ವಯರಿನಲ್ಲಿ ಇಳಿದು ಬಂತು. ಠಪ್ ಅಂತ ಒಂದು ಸದ್ದು, ಸುಟ್ಟ ವಾಸನೆ. ಅಲ್ಲಿಗೆ ಬೋರ್ಡು, ಪ್ರೊಸೆಸರ್, ಮೆಮೊರಿ ಮೂರೂ ಹೋಯಿತು. ಹಾರ್ಡ್ ಡಿಸ್ಕ್ ಉಳಿದದ್ದು ನನ್ನ ತಾಯಿ ಮಾಡಿದ ಪುಣ್ಯ.

ಇನ್ನೊಂದು ಕೊಂಡರಾಯಿತು ಅಂತ ನೀವು ಹೇಳಬಹುದು. ಆಗುವುದಿಲ್ಲ. ನನ್ನ ಕನ್ನಡ ಸಾಫ್ಟ್‌ವೇರ್ ಹಳೆಯದು. ಅದಕ್ಕೆ ಹೆಬ್ಬೆರಳ ಗಾತ್ರದ ಒಂದು ಲಾಕ್ ಉಂಟು. ಕಂಪ್ಯೂಟರಿನ ಹಿಂದೆ, ಹಿಂದಿನ ಕಾಲದ ಪ್ರಿಂಟರ್ ಸಿಕ್ಕಿಸುತ್ತಿದ್ದ ಅಗಲದ ಪೋರ್ಟಿನಲ್ಲಿ ಅದು ಕೂತಿದ್ದರೆ ಮಾತ್ರ ಅಕ್ಷರ ಬರುತ್ತದೆ. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಮೊಬೈಲಿನಲ್ಲೂ ಕನ್ನಡ ಬರುತ್ತದೆ, ನಾನೇನು ಕಾಣದವಳಲ್ಲ. ಆದರೆ ನನ್ನ ಬೆರಳು ಕಲಿತ ಕೀಲಿಮಣೆ ಅದರದ್ದು, ಅಷ್ಟೂ ವರ್ಷದ ಮದುವೆ ಕಾಗದ, ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆ, ಪಂಚಾಯತಿಗೆ ಕೊಡುವ ಅರ್ಜಿಯ ನಮೂನೆ ಎಲ್ಲ ಅದರಲ್ಲೇ ಇರುವುದು. ನನ್ನ ಅನ್ನ ಆ ಲಾಕಿನಲ್ಲಿ ಇತ್ತು, ಮತ್ತು ಈಗಿನ ಬೋರ್ಡುಗಳಲ್ಲಿ ಆ ಪೋರ್ಟೇ ಇಲ್ಲ.

ಅವರು ಬಂದು ನೋಡಿದರು. ಪ್ಲಗ್ ಯಾಕೆ ತೆಗೆಯಲಿಲ್ಲ ಅಂತ ಒಂದು ಮಾತು ಕೇಳಲಿಲ್ಲ. "ಆ ಪೋರ್ಟು ಇರುವ ಬೋರ್ಡು ಹುಡುಕಬೇಕು. ಸಿಕ್ಕಿದರೆ ಅದಕ್ಕೆ ಒಪ್ಪುವ ಪ್ರೊಸೆಸರ್. ಸ್ವಲ್ಪ ದಿನ ಕೊಡಿ" ಅಂದರು. ಒಂದು ವಾರವಾಯಿತು, ಎರಡಾಯಿತು. ಮದುವೆ ಕಾಲ ಎದುರಿಗಿತ್ತು. ಕೇಳಿದಾಗಲೆಲ್ಲ, "ಸಿಗ್ಲಿಲ್ಲ ಟೀಚರೇ, ನೋಡ್ತಾ ಇದ್ದೇನೆ." ನನಗೆ ಸಿಟ್ಟು ನೆತ್ತಿಗೇರಿತು. ಹೇಳದೆ ಕೇಳದೆ ಮಂಗಳೂರಿಗೆ ಹೋಗಿ ಹೊಚ್ಚ ಹೊಸತು ಜೋಡಿಸಿಕೊಂಡು ಬಂದೆ. ಮದುವೆ ಮನೆಯ ಕೊಪ್ಪರಿಗೆಯಂಥ ಮೆಮೊರಿ. ಲಾಕಿಗೆ ಅಂತ ಒಂದು ಕೇಬಲ್ ಕೊಟ್ಟಿದ್ದರು. ಅದಕ್ಕೆ ಪ್ರಿಂಟರ್ ಗೊತ್ತು, ಲಾಕ್ ಗೊತ್ತಿಲ್ಲ. ಹಳೆಯ ವಿಂಡೋಸ್ ಆ ಹೊಸ ಬೋರ್ಡಿನಲ್ಲಿ ಏಳಲೇ ಇಲ್ಲ. ಎರಡು ದಿನ ಗುದ್ದಾಡಿ, ಬಸ್ಸಿನಲ್ಲಿ ಹೊತ್ತು ಕೊಂಡುಹೋಗಿ, ಮುಖ ಸಣ್ಣದು ಮಾಡಿಕೊಂಡು ತಿರುಗಿ ಕೊಟ್ಟು ಬಂದೆ.

ವಿಷಯ ಅವರ ಕಿವಿಗೂ ಬಿದ್ದಿತ್ತು. ಮರುದಿನ ಬೆಳಿಗ್ಗೆ ಅವರು ಒಂದು ಬೋರ್ಡನ್ನು ಬಿಳಿ ಬೈರಾಸಿನ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಹಳೆಯದು, ಆದರೆ ಒಂದು ಚೂರು ಧೂಳಿಲ್ಲ. ಅಂಚಿನಲ್ಲಿ ಆ ಅಗಲದ ಪೋರ್ಟು.

ನಾನು ಸಂತೋಷಪಡಬೇಕಿತ್ತು. ಮೂರು ವಾರದ ಸಿಟ್ಟು, ಮಂಗಳೂರಿನಲ್ಲಿ ಆದ ಅವಮಾನ ಎಲ್ಲ ಸೇರಿ ಬಾಯಿಗೆ ಬಂದದ್ದೇ ಬೇರೆ. "ಇಷ್ಟು ದಿನ ಕಾದದ್ದು ಈ ಗುಜರಿಗಾ? ಯಾವ ಸತ್ತವರ ಮನೆಯಿಂದ ಎತ್ತಿಕೊಂಡು ಬಂದಿರಿ ಇದನ್ನು?"

ಅವರು ನನ್ನ ಕಿಟಕಿಯ ಹತ್ತಿರ ಹೋಗಿ ಸರಳನ್ನು ಮುಟ್ಟಿದರು. ಅವತ್ತು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡೇ ನಿಂತಿದ್ದರು ಅಂತ ನನಗೆ ಈಗ ಅನಿಸುತ್ತದೆ. ತಿರುಗಿ ಬಂದು ಕೂತರು.

"ಇದಕ್ಕೆ ಎಂತ ಆಗಿಲ್ಲ ಟೀಚರೇ. ಕೆಲಸ ಮಾಡಿದ್ದು ಕಡಿಮೆ, ಅಷ್ಟೆ."

"ಪ್ರೊಸೆಸರ್ ಆದ್ರೂ ಜೋರಿನದ್ದು ಹಾಕಿ."

"ಈಗ ಇರುವುದೇ ಇದಕ್ಕೆ ಹೇಳಿ ಮಾಡಿಸಿದ್ದು. ನಾನೇ ನೋಡಿ ಹಾಕಿದ್ದು." ಮೆಮೊರಿ ಮಾತ್ರ ಎರಡು ಜೀಬಿಯ ಎರಡು ಕಡ್ಡಿ ಹೊಸತು ಹಾಕಿದರು. "ನಾಲ್ಕು ಸಾಕು. ಹೆಚ್ಚು ಹಾಕಿದರೆ ನಿಮ್ಮ ಹಳೆ ವಿಂಡೋಸಿನ ಕಣ್ಣಿಗೇ ಕಾಣುವುದಿಲ್ಲ." ಪ್ರೊಸೆಸರಿಗೆ ಹೊಸ ಫ್ಯಾನು ಕೂರಿಸಿದರು. ಆಮೇಲೆ ನನಗೆ ಬೆನ್ನು ಹಾಕಿ ಬೋರ್ಡನ್ನು ಮಗುಚಿ ವೈಟ್ನರಿನಲ್ಲಿ ಏನೋ ಬರೆದರು. ನನ್ನ ಹೆಸರು ಅಂದುಕೊಂಡೆ. ಲಾಕ್ ಸಿಕ್ಕಿಸಿ ಸ್ವಿಚ್ ಒತ್ತಿದಾಗ ಪರದೆಯಲ್ಲಿ ಕನ್ನಡ ಬಂತು. ನಿಂತುಹೋಗಿದ್ದ ಆ ಗೃಹಪ್ರವೇಶದ ಕಾಗದದ ಬಾಕಿ ಸಾಲುಗಳನ್ನು ಅವರ ಎದುರಿಗೇ ಹೊಡೆದು ಮುಗಿಸಿದೆ. ಆ ಮನೆಯವರು ಎಂದೋ ಬೇರೆ ಕಡೆ ಮಾಡಿಸಿಕೊಂಡಿದ್ದರು, ಅದು ಬೇರೆ ವಿಷಯ.

ಆ ಮೇಲೆ ಅವರಿಗೊಂದು ಹೊಸ ಚಾಳಿ ಅಂಟಿತು. ಬಂದಾಗಲೆಲ್ಲ ನನ್ನ ಮೇಜಿನ ಮೇಲಿನ ಮದುವೆ ಕಾಗದಗಳಲ್ಲಿ ಒಂದೊಂದು ಪ್ರತಿ ಎತ್ತಿ ಜೇಬಿಗೆ ಹಾಕುವುದು. ಗುರುತು ಪರಿಚಯ ಇಲ್ಲದವರ ಮದುವೆಯದ್ದೂ ಬಿಡುತ್ತಿರಲಿಲ್ಲ.

"ಕರೆಯದ ಮದುವೆಗೆ ಹೋಗಿ ಪಾಯಸ ಹೊಡೀತೀರಾ ಹೇಗೆ?" ಅಂತ ನಾನು ಕುಟುಕುತ್ತಿದ್ದೆ.

"ಹೋಗುವುದಿಲ್ಲ ಮಾರಾಯ್ರೆ. ಸುಮ್ಮನೆ ನೋಡ್ಲಿಕ್ಕೆ."

ಎಂಟು ವರ್ಷ ಹೀಗೆ ನಡೆಯಿತು. ಮಳೆಗಾಲದಲ್ಲಿ ಮೆಮೊರಿ ಕೂಗಿದ್ದು ಬಿಟ್ಟರೆ ಆ ಬೋರ್ಡು ಒಂದು ದಿನವೂ ತಕರಾರು ಮಾಡಲಿಲ್ಲ. ಕೊನೆಗೊಂದು ದಿನ ಅವರು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾಗ ಅರ್ಧದಲ್ಲಿ ಕೂತರಂತೆ. ಕೂತವರು ಏಳಲಿಲ್ಲ.

ಆ ಬೆಳಿಗ್ಗೆ ಉತ್ತರಕ್ರಿಯೆಯ ಚೀಟಿ ಎದುರಿಗಿಟ್ಟುಕೊಂಡು ನಾನು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಎದ್ದೆ. ಕೂಗಿದರೆ ಮೆಮೊರಿ ನೋಡಬೇಕು, ಮಳೆಗಾಲದ ತೇವಕ್ಕೆ ಅದರ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ, ರಬ್ಬರಿನಲ್ಲಿ ಉಜ್ಜಿ ಅಂತ ಅವರು ಎಷ್ಟೋ ಸಲ ತೋರಿಸಿದ್ದರು. ನಾನು ಕಲಿತಿರಲಿಲ್ಲ. ಕರೆದರೆ ಬರುವವರು ಇರುವಾಗ ಕಲಿಯುವ ದರ್ದು ಯಾರಿಗೆ? ಪ್ಲಗ್ ತೆಗೆದೆ. ಕಿಟಕಿಯ ಸರಳು ಮುಟ್ಟಿದೆ. ಎರಡೂ ಕಡ್ಡಿ ಹೊರಗೆ ತೆಗೆದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ, ತಿರುಗಿ ಕೂರಿಸಿದೆ. ಅಷ್ಟಕ್ಕೆ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಕೈಯಿಂದ ಒಂದು ಸ್ಕ್ರೂ ಜಾರಿ ಬೋರ್ಡಿನ ಅಡಿಗೆ ಹೋಯಿತು. ಸ್ಕ್ರೂ ಬಿದ್ದರೆ ಹುಡುಕದೆ ಕರೆಂಟು ಕೊಡಬಾರದು, ಬೋರ್ಡು ಸುಟ್ಟುಹೋಗುತ್ತದೆ. ಅದೂ ಅವರು ಹೇಳಿದ್ದೇ. ಕುಲುಕಿದೆ, ಬಗ್ಗಿಸಿದೆ, ಬರಲಿಲ್ಲ. ಕೊನೆಗೆ ಯಾವ ವಯರು ಎಲ್ಲಿ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟು, ಬೋರ್ಡನ್ನೇ ಬಿಚ್ಚಿ ಮೇಲೆತ್ತಿ ಮಗುಚಿದೆ.

ಅಂಚಿನಲ್ಲಿ ಬಿಳಿ ಅಕ್ಷರ. 'ದೀಕ್ಷಾ.' ಅದರ ಕೆಳಗೆ, ಅದೇ ಕೈಯ ಅಕ್ಷರದಲ್ಲಿ, 'ಟೀಚರ್.'

ನಾನು ಆಡಿದ ಮಾತು ನನಗೆ ಮರೆತೇ ಹೋಗಿತ್ತು. ಆ ಎರಡು ಹೆಸರನ್ನು ನೋಡಿದಾಗ ಅದು ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು. ಯಾವ ಸತ್ತವರ ಮನೆಯಿಂದ. ಅಯ್ಯೋ ದೇವರೇ, ನಾಲಿಗೆ ಬಿದ್ದುಹೋಗಬಾರದಿತ್ತೇ? ಅವರು ಮೂರು ವಾರ ಪೇಟೆಯಲ್ಲಿ ಹುಡುಕಿದ್ದು ನಿಜವೇ ಇರಬೇಕು. ಸಿಗದೆ ಹೋದಾಗ ಮನೆಗೆ ಹೋಗಿ ಮಗಳ ಕಂಪ್ಯೂಟರ್ ಬಿಚ್ಚಿದ್ದಾರೆ. ನಾನೋ ಎಂಟು ವರ್ಷ ಅದರ ಮುಂದೆ ಕೂತು ಉಂಡಿದ್ದೇನೆ.

ಸ್ಕ್ರೂ ಸಿಕ್ಕಿತು. ಬೋರ್ಡು ಕೂರಿಸಿದೆ. ಕಂಪ್ಯೂಟರ್ ಒಂದೇ ಸಲಕ್ಕೆ ಎದ್ದಿತು. ಅವರ ಹೆಸರನ್ನು ನಡುವಿನಲ್ಲಿ ದಪ್ಪಕ್ಷರದಲ್ಲಿ ಹೊಡೆದೆ. 'ಮೃತರ ಆತ್ಮಕ್ಕೆ ಚಿರಶಾಂತಿಯನ್ನು ಕೋರಬೇಕಾಗಿ ವಿನಂತಿ' ಅನ್ನುವ ಸಾಲು ನನಗೆ ಬಾಯಿಪಾಠ, ಸಾವಿರ ಸಲ ಹೊಡೆದದ್ದು. ಅವತ್ತು ಅದರಲ್ಲಿ ಎರಡು ತಪ್ಪು ಮಾಡಿದೆ.

ಸಂಜೆ ಕಾಗದದ ಕಟ್ಟು ಹಿಡಿದು ಪೈವಳಿಕೆಯ ಹತ್ತಿರದ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾವಡಿಯಲ್ಲಿ ಒಬ್ಬರೇ ಇದ್ದರು. ಕಟ್ಟು ಕೊಟ್ಟೆ. ಬಾಯಿ ಬಿಟ್ಟರೆ ಅಳು ಬರುತ್ತಿತ್ತು, ಆದರೂ ಬಿಟ್ಟೆ.

"ಅಕ್ಕಾ, ಆ ಬೋರ್ಡು ದೀಕ್ಷಾಳದ್ದಾ?"

"ಹೌದು. ನಾವಿಬ್ಬರೂ ಕೂತೇ ಬಿಚ್ಚಿದ್ದು. ಅವರಿಗೆ ಕೈ ಬರ್ಲಿಲ್ಲ. ಕೊಡುವ ಅಂತ ನಾನೇ ಹೇಳಿದ್ದು."

"ಅವತ್ತು ನಾನು ಅವರಿಗೆ ಒಂದು ಮಾತು ಹೇಳಿದ್ದೆ ಅಕ್ಕಾ."

"ಗೊತ್ತುಂಟು. ಮನೆಗೆ ಬಂದು ಹೇಳಿದ್ರು."

"ಬೇಸರ ಮಾಡಿದ್ರಾ?"

"ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ ಟೀಚರೇ. ಆ ದಿನ ಊಟ ಮಾಡ್ಲಿಲ್ಲ."

ನಾನು ತಲೆ ಎತ್ತಲಿಲ್ಲ. ಅವರು ಎದ್ದು ಒಳಗೆ ಹೋದರು. ಮುಖ ನೋಡಲಿಕ್ಕೂ ಮನಸ್ಸಿಲ್ಲದೆ ಹೋದರೇನೋ ಅಂದುಕೊಂಡು ನಾನೂ ಏಳಬೇಕೆಂದಿದ್ದೆ. ಅಷ್ಟರಲ್ಲಿ ಒಂದು ಬಿಸ್ಕತ್ತಿನ ದೊಡ್ಡ ಡಬ್ಬಿ ಹಿಡಿದು ಬಂದು ನನ್ನ ಎದುರಿಗಿಟ್ಟು ಮುಚ್ಚಳ ತೆಗೆದರು. ಒಳಗೆ ಮದುವೆ ಕಾಗದಗಳು. ಎಂಟು ವರ್ಷದ್ದು. ಒಂದೂ ಮುದುಡದೆ, ನೂಲು ಸುತ್ತಿ ಕಟ್ಟಿದ ಕಟ್ಟುಗಳು.

"ಒಂದೊಂದು ತರುವಾಗಲೂ ಓದಿ ಹೇಳ್ತಿದ್ರು. ನೋಡು, ಇದು ಮಗಳ ಬೋರ್ಡಿನಲ್ಲಿ ಆದದ್ದು ಅಂತ. ಅವಳದ್ದೊಂದು ಕಾಗದ ಮಾಡ್ಲಿಕ್ಕೆ ಆಗ್ಲಿಲ್ಲ ಅಲ್ವಾ. ಇದನ್ನು ನೋಡಿದ್ರೆ ಅವರಿಗೆ ನಿದ್ರೆ ಬರ್ತಿತ್ತು."

ನಾನು ತಂದ ಕಟ್ಟಿನಿಂದ ಒಂದು ಪ್ರತಿ ಎಳೆದು, ಗಂಡನ ಹೆಸರಿನ ಮೇಲೆ ಬೆರಳಾಡಿಸಿದರು.

"ಇದೂ ಅದರಲ್ಲೇ ಆದದ್ದಾ ಟೀಚರೇ?"

"ಹೌದಕ್ಕಾ" ಅಂದೆ.

ಅವರು ಅದನ್ನು ಆ ಮದುವೆ ಕಾಗದಗಳ ಮೇಲೆ ಇಟ್ಟು, ಡಬ್ಬಿಯ ಮುಚ್ಚಳ ಹಾಕಿದರು.